ಭಾನುವಾರದ ದೋಸೆ ಯಾಕೆ ಕೆಡುತ್ತದೆ?

ಪ್ರಶ್ನೆ: ನಮ್ಮ ಬಡಾವಣೆಯ ಹೋಟೆಲಿನ ಮಸಾಲೆ ದೋಸೆ ವಾರದ ದಿನಗಳಲ್ಲಿ ಚೆನ್ನಾಗಿಯೇ ಇರುತ್ತದೆ. ಭಾನುವಾರ ಮನೆಮಂದಿಯೆಲ್ಲ ಹೋದರೆ ಮಾತ್ರ ಮೇಲೆ ಕೆಂಪಗೆ, ಒಳಗೆ ಹಸಿಹಸಿ. ಸ್ವಲ್ಪ ಆರಿದರೆ ಮುರಿಯಲಿಕ್ಕೂ ಆಗುವುದಿಲ್ಲ. ಅದೇ ಭಟ್ಟರು, ಅದೇ ಕಾವಲಿ. ಹೀಗೇಕೆ?
– ಗೃಹಿಣಿ, ತುಮಕೂರು

ಉತ್ತರ: ನೀವು ಹೋಗುವುದು ಒಂಬತ್ತೂವರೆ, ಹತ್ತರ ಹೊತ್ತಿಗಿರಬೇಕು ತಾಯಿ. ಶನಿವಾರ ಸಂಜೆ ರುಬ್ಬಿಟ್ಟ ಹಿಟ್ಟು ಅಷ್ಟರಲ್ಲಿ ತಳ ಕಂಡಿರುತ್ತದೆ. ಹೊರಗೆ ಜನ ನಿಂತಿದ್ದಾರೆ, ಒಳಗೆ ಗ್ರೈಂಡರ್ ಮತ್ತೆ ತಿರುಗುತ್ತದೆ. ಅಕ್ಕಿ, ಉದ್ದು ರುಬ್ಬಿದ ಮೇಲೆ ಹುಳಿ ಬರಲು ಎಂಟರಿಂದ ಹನ್ನೆರಡು ಗಂಟೆ ಬೇಕು, ಚಳಿಗಾಲದಲ್ಲಿ ಇನ್ನೂ ಹೆಚ್ಚು. ಬೆಳಿಗ್ಗೆ ರುಬ್ಬಿದ ಹಿಟ್ಟಿಗೆ ಆ ಹೊತ್ತು ಸಿಗುವುದಿಲ್ಲ. ಆಗ ಸೋಡಾ ಹಾಕಿ ಉಬ್ಬಿಸುತ್ತಾರೆ, ಸಕ್ಕರೆ ಹಾಕಿ ಬಣ್ಣ ಬರಿಸುತ್ತಾರೆ. ಸಕ್ಕರೆ ಬೇಗ ಕೆಂಪಾಗುತ್ತದೆ. ಬಣ್ಣ ಬಂತೆಂದು ದೋಸೆ ಎತ್ತಿದರೆ ಒಳಗಿನ ಹಿಟ್ಟು ಇನ್ನೂ ಬೆಂದಿರುವುದಿಲ್ಲ.

ಇನ್ನೊಂದು ಕಾರಣ ಕಾವಲಿಯ ಕಾವು. ಒಂದು ಸಾಲು ದೋಸೆ ಎತ್ತಿ, ನೀರು ಚಿಮುಕಿಸಿ, ಪೊರಕೆಯಲ್ಲಿ ಗುಡಿಸಿದಾಗ ಕಲ್ಲು ತಣಿಯುತ್ತದೆ. ಮತ್ತೆ ಕಾವು ಏರುವವರೆಗೆ ಕಾಯಬೇಕು. ನಾನು ಬೆಂಗಳೂರಿನ ಬಸವನಗುಡಿ ಕಡೆ ಕಲ್ಲಿನ ಮುಂದೆ ನಿಲ್ಲುತ್ತಿದ್ದಾಗ, ಯಜಮಾನರು ಎಷ್ಟೇ ಅವಸರ ಮಾಡಲಿ, ನನಗೆ ಕೆಲಸ ಕಲಿಸಿದ ಹಿರಿಯ ಭಟ್ಟರು ಆ ಕಾಯುವಿಕೆಯನ್ನು ಬಿಡುತ್ತಿರಲಿಲ್ಲ. ‘ಜನ ಕಾಯಲಿ, ಕಲ್ಲು ಕಾಯಲಿ’ ಅನ್ನುತ್ತಿದ್ದರು. ಈಗ ಒಂದು ಕಲ್ಲಿನಿಂದ ಗಂಟೆಗೆ ಇಷ್ಟು ದೋಸೆ ಏಳಲೇಬೇಕೆಂದು ಲೆಕ್ಕ ಹಿಡಿಯುವ ಕಡೆ ಹೊಸ ಹುಡುಗರಿಗೆ ಆ ಧೈರ್ಯ ಎಲ್ಲಿಂದ ಬರಬೇಕು? ತಪ್ಪು ಅವರದ್ದಲ್ಲ, ಹಿಟ್ಟು ಮುಗಿದ ಮೇಲೂ ‘ದೋಸೆ ಇದೆ’ ಎನ್ನುವ ಗಲ್ಲಾದ್ದು. ‘ದೋಸೆ ಮುಗೀತು’ ಎಂದು ಬೋರ್ಡ್ ತಿರುಗಿಸುವ ಹೋಟೆಲ್ ಎಲ್ಲಾದರೂ ಕಂಡರೆ ಅಲ್ಲಿಗೆ ಮತ್ತೆ ಮತ್ತೆ ಹೋಗಿ.

ಭಾನುವಾರ ಎಂಟರೊಳಗೆ ಹೋಗಿ ನೋಡಿ. ತಡವಾದರೆ ರವೆ ಇಡ್ಲಿ ಹೇಳಿ. ಎರಡನೇ ಮಹಾಯುದ್ಧದ ಕಾಲದಲ್ಲಿ ಅಕ್ಕಿಗೆ ತತ್ವಾರ ಬಂದಾಗ ಹುಟ್ಟಿದ ತಿಂಡಿ ಅದು ಎಂದು ಎಂಟಿಆರ್‌ನವರು ಹೇಳುತ್ತಾರೆ. ಮೊಸರು, ಸೋಡಾದಲ್ಲೇ ಉಬ್ಬುವುದರಿಂದ ಅದಕ್ಕೆ ರಾತ್ರಿಯ ಹುಳಿ ಬೇಡ.

ಪ್ರಶ್ನೆ: ಎಲ್ಲ ಹೋಟೆಲಲ್ಲೂ ಚಟ್ನಿ ಈಗ ನೀರು ನೀರು. ತೆಂಗಿನಕಾಯಿ ಹಾಕುತ್ತಾರೋ ಇಲ್ಲವೋ?
– ಬ್ಯಾಂಕ್ ಉದ್ಯೋಗಿ, ದಾವಣಗೆರೆ

ಉತ್ತರ: 2025ರಲ್ಲಿ ಕಾಯಿಯ ಬೆಲೆ ಏರಿದ್ದು ನಿಮಗೂ ಗೊತ್ತು. ಕಾಯಿ ಕಡಿಮೆ ಮಾಡಿ ಹುರಿಗಡಲೆ ಹೆಚ್ಚಿಸುವುದು ಹಳೆಯ ರೂಢಿ, ಅದನ್ನು ನಾನು ತಪ್ಪೆನ್ನುವುದಿಲ್ಲ. ಹುರಿಗಡಲೆ, ಹಸಿಮೆಣಸು, ಶುಂಠಿ ಹದವಾಗಿ ಬಿದ್ದರೆ ಚಟ್ನಿಗೆ ಮೈಯಿರುತ್ತದೆ. ನೀವು ತಿನ್ನುತ್ತಿರುವುದು ಅದಲ್ಲ. ಬೆಳಗಿನ ಗಟ್ಟಿ ಚಟ್ನಿಗೆ ಹತ್ತು ಗಂಟೆಯ ಮೇಲೆ ನೀರು ಸುರಿದು ಬಕೆಟ್ ತುಂಬಿಸಿದ್ದು. ಅದರ ಬದಲು ಅರ್ಧ ಸೌಟು ಬಡಿಸಿ, ಎರಡನೇ ಸಲಕ್ಕೆ ದುಡ್ಡು ಕೇಳಲಿ. ಗಿರಾಕಿಗೆ ಅದು ಹೆಚ್ಚು ಮರ್ಯಾದೆ ಎಂದು ನನಗನ್ನಿಸುತ್ತದೆ.

ಪ್ರಶ್ನೆ: ಊಟ ಕೆಟ್ಟಿದ್ದರೂ ಸುಮ್ಮನೆ ತಿಂದು ದುಡ್ಡು ಕೊಟ್ಟು ಬರುತ್ತೇವೆ. ಹೇಳಿದರೆ ಸಪ್ಲೈಯರ್ ಹುಡುಗನಿಗೆ ಬೈಗುಳ ಬಿದ್ದೀತೆಂಬ ಸಂಕೋಚ. ಮನೆಗೆ ಬಂದ ಮೇಲೆ ಮಗ ಫೋನಿನಲ್ಲಿ ಒಂದು ಸ್ಟಾರ್ ಒತ್ತುತ್ತಾನೆ. ಇದು ಸರಿಯೇ?
– ನಿವೃತ್ತ ಶಿಕ್ಷಕ, ಶಿವಮೊಗ್ಗ

ಉತ್ತರ: ಸರಿಯಲ್ಲ ಮೇಷ್ಟ್ರೇ. ಒಂದು ಸ್ಟಾರ್ ನೋಡಿ ಅಡುಗೆಮನೆಗೆ ಏನು ತಿಳಿಯಬೇಕು? ಉಪ್ಪು ಹೆಚ್ಚಾಯಿತೆಂದೋ, ಪಲ್ಯ ಹಳಸಿತೆಂದೋ? ಅಷ್ಟು ಹೊತ್ತಿಗೆ ಅದೇ ಪಾತ್ರೆಯಿಂದ ಇನ್ನೆಷ್ಟೋ ಜನರ ತಟ್ಟೆಗೆ ಬಡಿಸಿಯಾಗಿರುತ್ತದೆ. ಮೊದಲ ತುತ್ತಿಗೇ ಹೇಳಬೇಕು. ಹುಡುಗನಿಗಲ್ಲ, ನೇರ ಗಲ್ಲಾದಲ್ಲಿ ಕೂತವರಿಗೆ. ‘ಚೆನ್ನಾಗಿಲ್ಲ’ ಅಂದರೆ ಸಾಲದು. ‘ಸಾಂಬಾರಿಗೆ ಆಮೇಲೆ ಬಿಸಿನೀರು ಬಿದ್ದಿದೆ’, ‘ಹಿಟ್ಟು ಹುಳಿ ಬಂದಿಲ್ಲ’, ‘ಕರಿದ ಎಣ್ಣೆ ಹಳತು’ ಎಂದು ಕಾರಣ ಹಿಡಿದು ಹೇಳಿದರೆ ಭಟ್ಟರಿಗೆ ಉಡಾಫೆ ಮಾಡಲಾಗುವುದಿಲ್ಲ.

ಬೇಸಿಗೆಯ ಒಂದು ಮಧ್ಯಾಹ್ನ ಹಿರಿಯರೊಬ್ಬರು ತಟ್ಟೆ ಹಿಡಿದು ನಮ್ಮ ಅಡುಗೆಮನೆ ಬಾಗಿಲಿಗೇ ಬಂದು, ‘ಆಲೂಗಡ್ಡೆ ಪಲ್ಯ ವಾಸನೆ ಬಂದಿದೆ, ಮಕ್ಕಳು ತಿನ್ನುತ್ತಿದ್ದಾರೆ ನೋಡಿ’ ಎಂದರು. ಈರುಳ್ಳಿ ಬಿದ್ದ ಪಲ್ಯ ಸೆಕೆಗೆ ಬೇಗ ಕೆಡುತ್ತದೆ. ಯಜಮಾನರು ಬಾಯಿಗೆ ಹಾಕಿ ನೋಡಿ ಇಡೀ ಪಾತ್ರೆ ಚೆಲ್ಲಿಸಿದರು. ಯಾರಿಗೂ ಬೈಗುಳ ಬೀಳಲಿಲ್ಲ. ಅಂದಿನಿಂದ ಪಲ್ಯವನ್ನು ಎರಡು ಸಲಕ್ಕೆ ಮಾಡತೊಡಗಿದೆವು. ಆ ಹಿರಿಯರು ಸುಮ್ಮನೆ ಎದ್ದು ಹೋಗಿದ್ದರೆ ಏನಾಗುತ್ತಿತ್ತೆಂದು ನೆನೆದರೆ ಈಗಲೂ ಎದೆ ಝಲ್ಲೆನ್ನುತ್ತದೆ.

ರುಚಿಯ ಮಾತು ಗಲ್ಲಾದಲ್ಲಿ ಮುಗಿಯಲಿ. ಹಳಸಿದ್ದನ್ನು ತಿಳಿಸಿದ ಮೇಲೂ ಬಡಿಸುತ್ತಿದ್ದರೆ ಅದು ಬೇರೆ ವಿಷಯ. ಬಿಲ್ಲಿನಲ್ಲಿ ಹೋಟೆಲಿನ 14 ಅಂಕಿಯ ಎಫ್‌ಎಸ್‌ಎಸ್‌ಎಐ (ಕೇಂದ್ರದ ಆಹಾರ ಸುರಕ್ಷತಾ ಪ್ರಾಧಿಕಾರ) ಸಂಖ್ಯೆ ಇರಬೇಕು. ಅದನ್ನು ಬರೆದುಕೊಂಡು ಆಹಾರ ಸುರಕ್ಷತಾ ಅಧಿಕಾರಿಗೆ ದೂರು ಕೊಡಿ. ಕರಿದ ಎಣ್ಣೆಗೂ ನಿಯಮವಿದೆ: ಮತ್ತೆ ಮತ್ತೆ ಕಾಯಿಸಿದಾಗ ಹುಟ್ಟುವ ಪೋಲಾರ್ ಸಂಯುಕ್ತಗಳು 25% ದಾಟಿದರೆ ಆ ಎಣ್ಣೆ ಬಳಸುವಂತಿಲ್ಲ.

ಪ್ರಶ್ನೆ: ಬೆಂಗಳೂರಿನ ಎಸಿ ರೆಸ್ಟೋರೆಂಟಿನಲ್ಲಿ ರೋಟಿ ತಣ್ಣಗೆ, ಪನ್ನೀರು ರಬ್ಬರು. ಮೇಲೆ ಬಿಲ್ಲಿನಲ್ಲಿ 10% ಸೇವಾ ಶುಲ್ಕ. ಕೊಡಲೇಬೇಕೇ?
– ವಿದ್ಯಾರ್ಥಿನಿ, ಮೈಸೂರು

ಉತ್ತರ: ಬೇಡಮ್ಮ. ಸೇವಾ ಶುಲ್ಕವನ್ನು ತಾವಾಗಿ ಬಿಲ್ಲಿಗೆ ಸೇರಿಸಬಾರದೆಂದು ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರ 2022ರ ಜುಲೈನಲ್ಲಿ ಮಾರ್ಗಸೂಚಿ ಹೊರಡಿಸಿತು. ದೆಹಲಿ ಹೈಕೋರ್ಟ್ 2025ರ ಮಾರ್ಚ್‌ನಲ್ಲಿ ಅದನ್ನು ಎತ್ತಿಹಿಡಿಯಿತು. ಊಟ ಚೆನ್ನಾಗಿದ್ದರೂ ಅಷ್ಟೆ, ಕೊಡುವುದು ಬಿಡುವುದು ನಿಮ್ಮಿಷ್ಟ. ಜಿಎಸ್‌ಟಿ ಮಾತ್ರ ತೆರಿಗೆ, ಅದನ್ನು ಕೊಡಬೇಕು. ಶುಲ್ಕ ತೆಗೆದು ಬೇರೆ ಬಿಲ್ ಕೊಡಿ ಎಂದು ಕೇಳಿ, ಒಪ್ಪದಿದ್ದರೆ ಅಲ್ಲಿಂದಲೇ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಫೋನ್ ಮಾಡಿ. ಬಡಿಸಿದ ಹುಡುಗನಿಗೆ ಏನಾದರೂ ಕೊಡಬೇಕೆನಿಸಿದರೆ ಅವನ ಕೈಗೇ ಕೊಡಿ.