ಈಜು ಬರದಿದ್ದರೂ ನೇತ್ರಾಣಿಗೆ ಹೋಗಬಹುದು, ಹವಳದ ತುಂಡು ಮಾತ್ರ ತರಬೇಡಿ

ಅಣ್ಣಾರೆ, ನೀವು ಕೇಳಿದ್ದು ಮೂರು ಮಾತು. ಸ್ಕೂಬಾ ಡೈವಿಂಗ್‌ಗೆ, ಅಂದರೆ ಬೆನ್ನಿಗೆ ಗಾಳಿ ಸಿಲಿಂಡರ್ ಕಟ್ಟಿಕೊಂಡು ಸಮುದ್ರದೊಳಗೆ ಇಳಿಯೋಕೆ, ಕಲಬುರಗಿಯಿಂದ ಮುರುಡೇಶ್ವರದ ಹತ್ತಿರದ ನೇತ್ರಾಣಿ ದ್ವೀಪಕ್ಕೆ ಯಾವಾಗ ಹೋಗಬೇಕು, ಈಜು ಬರದ ನೀವು ಮತ್ತು ಮಗಳು ನೀರಿಗೆ ಇಳಿಯಬಹುದಾ, ಬರುವಾಗ ಮನೆಯ ಮೀನಿನ ಟ್ಯಾಂಕಿಗೆ ನಾಲ್ಕು ಹವಳದ ತುಂಡು ತರಬಹುದಾ. ನಾನು ಎರಡು ಸಲ ಹೋಗಿದ್ದೇನೆ. ಒಂದು ಸಲ ದಂಡೆಯಿಂದಲೇ ವಾಪಸ್, ಇನ್ನೊಂದು ಸಲ ಇಳಿದೆ.

ಕೊನೆಯದನ್ನೇ ಮೊದಲು ಹೇಳುತ್ತೇನೆ. ತರಬೇಡಿ. ಸತ್ತು ಬೆಳ್ಳಗಾಗಿ ಮರಳಲ್ಲಿ ಬಿದ್ದದ್ದೂ ಬೇಡ. ಹವಳ 1972ರ ವನ್ಯಜೀವಿ ಕಾಯ್ದೆಯ ಮೊದಲ ಪಟ್ಟಿಯಲ್ಲಿದೆ, ಹುಲಿ ಇರುವ ಪಟ್ಟಿಯಲ್ಲೇ. ಸಿಕ್ಕಿಬಿದ್ದರೆ 3ರಿಂದ 7 ವರ್ಷದವರೆಗೆ ಜೈಲು. ಅದೂ ಅಲ್ಲದೆ ಅದು ನಮ್ಮ ಸಿಹಿನೀರಿನ ಟ್ಯಾಂಕಿಗೆ ಕೆಲಸಕ್ಕೂ ಬರಲ್ಲ. ಹವಳದ ಗೂಡು ಅಂದರೆ ಬರೀ ಸುಣ್ಣ. ನಮ್ಮ ಬೋರ್ ನೀರು ಮೊದಲೇ ಗಡಸು, ಬಕೆಟ್ ಅಂಚಿಗೆ ಬಿಳಿ ಪಟ್ಟಿ ಕೂತಿರೋದು ನೀವೂ ನೋಡಿದ್ದೀರಿ. ಅದಕ್ಕೆ ಮತ್ತೆ ಸುಣ್ಣ ಸೇರಿಸಿದರೆ ಮೆದು ನೀರು ಬೇಕಾದ ಟೆಟ್ರಾ ಮೀನುಗಳ ಗತಿ ಏನು? ಇದೇ ಕಾರಣಕ್ಕೆ ನಾನು ಶಹಾಬಾದ್ ಪರ್ಸಿ (ನೆಲಕ್ಕೆ ಹಾಸುವ ಸುಣ್ಣದ ಕಲ್ಲು) ತುಂಡನ್ನೂ ಟ್ಯಾಂಕಿಗೆ ಹಾಕಲ್ಲ. ಬಚ್ಚಲು ತೊಳೆಯುವ ಆಸಿಡ್ ಒಂದು ಹನಿ ಪರ್ಸಿ ಮೇಲೆ ಬಿಟ್ಟು ನೋಡಿ, ಸುಯ್ ಅಂತ ನೊರೆ ಏಳುತ್ತದೆ. ಹವಳದ ಮೇಲೆ ಬಿಟ್ಟರೂ ಹಾಗೇ.

ಇನ್ನು ಹೋಗುವ ಕಾಲ. ಮಳೆಗಾಲದಲ್ಲಿ ಬೋಟೇ ಬಿಡಲ್ಲ. ಅಕ್ಟೋಬರ್‌ನಿಂದ ಮೇ ತನಕ ಸೀಸನ್. ನನ್ನ ಕೇಳಿದರೆ ಡಿಸೆಂಬರ್, ಜನವರಿ ಒಳ್ಳೆಯದು, ನೀರು ತಿಳಿಯಾಗಿರುತ್ತದೆ. ಹುಬ್ಬಳ್ಳಿ ತನಕ ರಾತ್ರಿ ಬಸ್ಸು, ಅಲ್ಲಿಂದ ಯಲ್ಲಾಪುರದ ಮೇಲೆ ಘಟ್ಟ ಇಳಿದು ಮುರುಡೇಶ್ವರ. ದ್ವೀಪ ಅಲ್ಲಿಂದ ಸುಮಾರು 19 ಕಿಲೋಮೀಟರ್ ಸಮುದ್ರದೊಳಗೆ, ಬೋಟಿನಲ್ಲಿ ಹೆಚ್ಚುಕಡಿಮೆ ಒಂದೂವರೆ ತಾಸು. ದ್ವೀಪದ ಮೇಲೆ ಇಳಿಯೋಕೆ ಬಿಡಲ್ಲ, ಸುತ್ತಲಿನ ನೀರಲ್ಲೇ ನಮ್ಮ ಆಟ. ನೌಕಾಪಡೆಯವರು ಗುರಿ ಅಭ್ಯಾಸಕ್ಕೆ ಬಳಸಿದ ಜಾಗ ಅದು. ಮೇಲೆ ಬಿಳಿಹೊಟ್ಟೆಯ ಕಡಲ ಹದ್ದು ಗೂಡು ಕಟ್ಟುತ್ತದೆ. ಬೋಟಿನಿಂದಲೇ ತಲೆ ಎತ್ತಿ ನೋಡಿ.

ರಜೆ ಲೆಕ್ಕ ಹಾಕುವಾಗ ಒಂದು ದಿನ ಜಾಸ್ತಿ ಇಟ್ಟುಕೊಳ್ಳಿ. ಮೊದಲ ಸಲ ನಾನು ಭಾನುವಾರ ಒಂದೇ ದಿನ ಇಟ್ಟುಕೊಂಡು ಹೋಗಿದ್ದೆ. ಗಾಳಿ ಜೋರಾಯಿತು, ಬೋಟ್ ಬಿಡಲಿಲ್ಲ. ಶಿವನ ಮೂರ್ತಿಗೆ ಕೈ ಮುಗಿದು, ಶೇಂಗಾ ಹಿಂಡಿ ಹಚ್ಚಿಕೊಂಡು ರೊಟ್ಟಿ ತಿಂದು ಬಂದದ್ದೇ ಬಂತು.

ಈಜು ಬರದಿದ್ದರೂ ಅಡ್ಡಿಯಿಲ್ಲ. ಮೊದಲ ಸಲದವರನ್ನು ಇನ್‌ಸ್ಟ್ರಕ್ಟರ್ ಕೈ ಬಿಡದೆ ಹಿಡಿದುಕೊಂಡೇ ಇಳಿಸುತ್ತಾರೆ, ಹತ್ತು ಹನ್ನೆರಡು ಮೀಟರ್‌ಗಿಂತ ಕೆಳಗೆ ಒಯ್ಯಲ್ಲ. ಮಗಳಿಗೆ ಹತ್ತು ತುಂಬಿದ್ದರೆ ಅವಳನ್ನೂ ಕರೆದೊಯ್ಯುತ್ತಾರೆ. ಆಸ್ತಮಾ, ಹೃದಯದ ತೊಂದರೆ ಇದ್ದರೆ ಫಾರ್ಮಿನಲ್ಲಿ ಮುಚ್ಚಿಡಬೇಡಿ, ಮೊದಲೇ ಡಾಕ್ಟರ್ ಹತ್ತಿರ ಹೋಗಿ. ನೆಗಡಿ ಇದ್ದರೆ ಇಳಿಯಲೇ ಬೇಡಿ, ಕಿವಿಯ ಒತ್ತಡ ಬಿಡೋದಿಲ್ಲ.

ನಿಜ ಹೇಳಬೇಕಂದರೆ ಹೆಚ್ಚು ಹುಷಾರಿರಬೇಕಾದವರು ನಮ್ಮಂಥ ಬಾವಿ ಈಜುಗಾರರು. ಚಿಕ್ಕವನಿದ್ದಾಗ ಹೊಲದ ಬಾವಿಯಲ್ಲಿ ತಳಕ್ಕೆ ಮುಳುಗಿ ಎಂಟಾಣೆ ತರುತ್ತಿದ್ದೆ. ಉಸಿರು ಕಟ್ಟಿ ಇಳಿಯೋದು, ಉಸಿರು ಕಟ್ಟೇ ಏಳೋದು. ಇಲ್ಲಿ ಅದನ್ನು ಮಾಡಿದರೆ ಜೀವಕ್ಕೇ ಅಪಾಯ. ಹತ್ತು ಮೀಟರ್ ಆಳದಲ್ಲಿ ಒತ್ತಡ ಮೇಲಿನದಕ್ಕಿಂತ ಎರಡು ಪಟ್ಟು. ಅಲ್ಲಿ ಸಿಲಿಂಡರ್‌ನಿಂದ ಎದೆ ತುಂಬ ಎಳೆದುಕೊಂಡ ಗಾಳಿ ಮೇಲೆ ಬರುವಷ್ಟರಲ್ಲಿ ಎರಡರಷ್ಟು ಹಿಗ್ಗುತ್ತದೆ. ಉಸಿರು ಕಟ್ಟಿಕೊಂಡಿದ್ದರೆ ಶ್ವಾಸಕೋಶವೇ ಹರಿಯಬಹುದು. ಹಾಗಾಗಿ ಉಸಿರಾಟ ನಿಲ್ಲಿಸಲೇಬಾರದು, ನಿಧಾನಕ್ಕೆ ಎಳೆದು ಬಿಡುತ್ತಲೇ ಇರಬೇಕು. ಮೊದಲ ಎರಡು ನಿಮಿಷ ನನಗೆ ಇದೇ ಒದ್ದಾಟ. ಕಿವಿ ನೋಯುವ ಮೊದಲೇ ಮೂಗು ಹಿಡಿದು ಮೆಲ್ಲಗೆ ಊದಬೇಕು, ಪ್ರತಿ ಒಂದು ಮೀಟರ್‌ಗೂ ಮಾಡಿದರೂ ಸರಿ.

ಆಮೇಲೆ ಮೀಸೆ. ನಗಬೇಡಿ! ನನ್ನ ಮೀಸೆ ಸಂದಿಯಿಂದ ಮಾಸ್ಕಿನೊಳಗೆ ನೀರು ಜಿನುಗುತ್ತಲೇ ಇತ್ತು. ಹಿಂದಿನ ದಿನವೇ ಮೂಗಿನ ಕೆಳಗೆ ಒಂದಿಷ್ಟು ಟ್ರಿಮ್ ಮಾಡಿಕೊಳ್ಳಿ.

ಬೆಳಿಗ್ಗೆ ಎರಡು ಇಡ್ಲಿ ಸಾಕು. ಎಣ್ಣೆಯದು ಬೇಡ. ವಾಂತಿ ಆಗುವವರಾಗಿದ್ದರೆ ಮಾತ್ರೆಯನ್ನು ಡಾಕ್ಟರ್ ಕೇಳಿಯೇ ತಗೊಳ್ಳಿ, ಕೆಲವು ತುಂಬಾ ನಿದ್ದೆ ತರಿಸುತ್ತವೆ.

ಕೆಳಗೆ ಪ್ಯಾರಟ್ ಫಿಶ್ ಕಂಡರೆ ಸುಮ್ನೆ ನಿಂತು ಕಿವಿಗೊಡಿ. ಹವಳದ ಕಲ್ಲನ್ನು ಕಟಕಟ ಕಚ್ಚುವ ಸದ್ದು ಕೇಳುತ್ತದೆ. ಕಚ್ಚಿ ನುಂಗಿ, ಹಿಂದಿನಿಂದ ಬಿಳಿ ಮರಳು ಬಿಟ್ಟು ಹೋಗುತ್ತದೆ. ಆದರೆ ನೀವು ಮಾತ್ರ ಏನನ್ನೂ ಮುಟ್ಟಬೇಡಿ, ಕಾಲಿನ ಫಿನ್ ಕೂಡ ತಾಗಬಾರದು. ಹವಳ ಅಂದರೆ ಸಣ್ಣ ಸಣ್ಣ ಪ್ರಾಣಿಗಳು ಸೇರಿ ಕಟ್ಟಿಕೊಂಡ ಊರು, ಕೆಲವು ಜಾತಿ ವರ್ಷಕ್ಕೆ ಒಂದು ಸೆಂಟಿಮೀಟರ್ ಸಹ ಬೆಳೆಯಲ್ಲ. ನಾನು ಹೋದ ದಿನ ಪಕ್ಕದ ಬೋಟಿನವನು ಲಂಗರನ್ನು ಸೀದಾ ಹವಳದ ಮೇಲೆ ಎಸೆದ. ಮನಸ್ಸಿಗೆ ಬೇಜಾರಾಯಿತು. ಬುಕ್ ಮಾಡುವಾಗಲೇ ಕೇಳಿ, ಬೋಟನ್ನು ಬೋಯ್‌ಗೆ (ನೀರಲ್ಲಿ ತೇಲಿಬಿಟ್ಟಿರುವ ಬುಂಡೆ) ಕಟ್ಟುತ್ತೀರಾ, ಲಂಗರು ಬಿಡುತ್ತೀರಾ ಅಂತ. ಸನ್‌ಸ್ಕ್ರೀನ್ ಬದಲು ತುಂಬು ತೋಳಿನ ಅಂಗಿ ಹಾಕಿಕೊಳ್ಳಿ. ಕೆಲವು ಸನ್‌ಸ್ಕ್ರೀನ್‌ಗಳಲ್ಲಿರುವ ಆಕ್ಸಿಬೆಂಜೋನ್ ಹವಳಕ್ಕೆ ಆಗಲ್ಲ ಅಂತ ಹವಾಯಿಯಲ್ಲಿ 2021ರಿಂದ ಅದರ ಮಾರಾಟವನ್ನೇ ನಿಲ್ಲಿಸಿದ್ದಾರೆ.

ಇಳಿದ ದಿನವೇ ಸಂಜೆ ಬಸ್ಸು ಹಿಡಿದು ಘಟ್ಟ ಹತ್ತಬೇಡಿ. ನೀರೊಳಗೆ ಎಳೆದುಕೊಂಡ ಸಾರಜನಕ ಮೈಯಲ್ಲಿ ಕರಗಿರುತ್ತದೆ, ಮೇಲೆ ಹೋದಂತೆ ಗೋಲಿ ಸೋಡಾ ಬಿರಡೆ ತೆಗೆದ ಹಾಗೆ ಗುಳ್ಳೆ ಏಳಬಹುದು. ವಿಮಾನಕ್ಕಂತೂ ಒಂದು ಡೈವ್ ಮಾಡಿದ್ದರೆ ಕನಿಷ್ಠ 12 ತಾಸು, ಜಾಸ್ತಿ ಮಾಡಿದ್ದರೆ 18 ತಾಸು ಕಾಯಬೇಕು. ರಾತ್ರಿ ಮುರುಡೇಶ್ವರದಲ್ಲೇ ಮಲಗಿ ಮರುದಿನ ಹೊರಡಿ.

ತಾರೀಖು ಗಟ್ಟಿಯಾದರೆ ಇಲ್ಲೇ ಹೇಳಿ. ನನ್ನ ಹತ್ತಿರ ಸಣ್ಣ ಸೈಜಿನ ಮಾಸ್ಕ್ ಒಂದಿದೆ, ಮಗಳಿಗೆ ಸರಿಹೋಗಬಹುದು. ಕಲಬುರಗಿಯ ಸೂಪರ್ ಮಾರ್ಕೆಟ್ ಕಡೆ ಬಂದಾಗ ತಗೊಂಡು ಹೋಗಿ.