ಗೆದ್ದಲು ಇರುವೆಯೋ, ಜಿರಳೆಯೋ?

ಪ್ರಶ್ನೆ: ಮೇಡಂ, ಗೆದ್ದಲನ್ನು ನಾವು ಬಿಳಿ ಇರುವೆ ಅಂತೀವಿ. ಅದು ಜಿರಳೆಯ ಬಳಗ ಅಂತ ಮಗಳು ವಾದಿಸ್ತಾಳೆ. ನಿಜವೇ?
– ಓದುಗರೊಬ್ಬರು, ತೀರ್ಥಹಳ್ಳಿ

ಉತ್ತರ: ಮಗಳ ಮಾತೇ ಸರಿ. ನಮ್ಮ ಅಟ್ಟದ ತೊಲೆಯಲ್ಲಿ ಸಿಕ್ಕ ಗೆದ್ದಲನ್ನು ಭೂತಗನ್ನಡಿಯಲ್ಲಿ ನೋಡಿದ್ದೇನೆ: ಇರುವೆಯ ಸಣ್ಣ ಸೊಂಟ ಅದಕ್ಕಿಲ್ಲ, ಮೀಸೆ ಮಣಿ ಪೋಣಿಸಿದಂತೆ.

ಅಮೆರಿಕದ ಅಪಲೇಚಿಯನ್ ಬೆಟ್ಟಗಳ ಕೊಳೆತ ದಿಮ್ಮಿಗಳಲ್ಲಿ ಕ್ರಿಪ್ಟೊಸರ್ಕಸ್ ಎಂಬ ರೆಕ್ಕೆಯಿಲ್ಲದ ಜಿರಳೆಯಿದೆ. ಮರವೇ ಅದರ ಊಟ. ನಾರು ಕರಗಿಸುವ ಏಕಕೋಶಜೀವಿಗಳು ಅದರ ಕರುಳಲ್ಲಿವೆ. ಮರಿಗಳಿಗೆ ಅವು ಹುಟ್ಟಿನಿಂದ ಬರುವುದಿಲ್ಲ. ಹೆತ್ತವರು ಹಿಂಬದಿಯಿಂದ ಒಸರಿಸುವ ದ್ರವ ಕುಡಿದೇ ಪಡೆಯಬೇಕು. ಹಾಗಾಗಿ ವರ್ಷಗಟ್ಟಲೆ ಒಂದೇ ಸಂಸಾರ. ನನಗೆ ಇದಕ್ಕಿಂತ ಬೆರಗಿನ ಸಂಗತಿ ಕೀಟಲೋಕದಲ್ಲಿಲ್ಲ!

ಉತ್ತರ ಆಸ್ಟ್ರೇಲಿಯಾದ ಮ್ಯಾಸ್ಟೊಟರ್ಮಿಸ್ ಗೆದ್ದಲಿನ ಕರುಳಲ್ಲೂ ಇಂಥ ಜೀವಿಗಳಿವೆ. ಮೊಟ್ಟೆಗಳನ್ನೂ ಜಿರಳೆಯಂತೆ ಎರಡು ಸಾಲಾಗಿ ಅಂಟಿಸಿಡುತ್ತದೆ. ಆದರೆ ಅಲ್ಲಿ ಸೈನಿಕರು, ಕೆಲಸಗಾರರು ಇರುತ್ತಾರೆ. ದಿಮ್ಮಿಯ ಜಿರಳೆಯದು ಅಪ್ಪ, ಅಮ್ಮ, ಮಕ್ಕಳಷ್ಟೇ.