ಮೀನು ಸಾಕಲು ಪಿಎಚ್‌ಡಿ ಬೇಕೇ?

ಪ್ರಶ್ನೆ: ಮಗಳು ಪುಣೆಯಲ್ಲಿ ಜೀವಶಾಸ್ತ್ರದ ಎಂಎಸ್ಸಿ ಮುಗಿಸುತ್ತಿದ್ದಾಳೆ. ಜೀಬ್ರಾ ಮೀನಿನ ವಂಶವಾಹಿಗಳ ಮೇಲೆ ಸಂಶೋಧನೆ ಮಾಡುತ್ತೇನೆ ಎಂದು ಹಟ ಹಿಡಿದಿದ್ದಾಳೆ. ಮೀನು ಸಾಕಲು ಐದಾರು ವರ್ಷ ಓದಬೇಕೇ ಎಂದು ಅವಳ ಅಪ್ಪ ಕೇಳುತ್ತಾರೆ. ನೀವು ಅದೇ ಕೆಲಸ ಮಾಡಿದವರು, ಹೇಳಿ.
– ಒಬ್ಬ ತಾಯಿ, ಡೊಂಬಿವಲಿ

ಉತ್ತರ: ನಿಮ್ಮ ಯಜಮಾನರ ಪ್ರಶ್ನೆಯನ್ನೇ ಧಾರವಾಡದಲ್ಲಿ ನನ್ನ ಅವ್ವ ಕೇಳಿದ್ದಳು. ನಮ್ಮದು ಮೊಟ್ಟೆ ಹೊಸ್ತಿಲು ದಾಟದ ಮನೆ. ಅಲ್ಲಿಂದ ಪುಣೆಗೆ ಬಂದು ಇಪ್ಪತ್ತಾರು ವರ್ಷ ನಾನು ಎಣಿಸಿದ್ದು ಮೊಟ್ಟೆಗಳನ್ನೇ.

ಈ ಮೀನುಗಳಿಗೆ ಹದಿನಾಲ್ಕು ಗಂಟೆ ಬೆಳಕು, ಹತ್ತು ಗಂಟೆ ಕತ್ತಲೆ ಬೇಕು. ಹಿಂದಿನ ಸಂಜೆ ಗಂಡು ಹೆಣ್ಣುಗಳನ್ನು ಒಂದೇ ಡಬ್ಬಿಯಲ್ಲಿ ನಡುವೆ ತಡೆ ಇಟ್ಟು ಬಿಡುತ್ತೇವೆ. ಬೆಳಿಗ್ಗೆ ದೀಪ ಹತ್ತಿದ ಮೇಲೆ ತಡೆ ತೆಗೆದರೆ ಸ್ವಲ್ಪ ಹೊತ್ತಿನಲ್ಲೇ ಮೊಟ್ಟೆ. ಡಬ್ಬಿಗೆ ಜಾಲರಿಯ ತಳ. ಇಲ್ಲದಿದ್ದರೆ ಹೆತ್ತವರೇ ತಿಂದು ಮುಗಿಸುತ್ತಾರೆ. ಮೊದಲ ಕೋಶ ಎರಡಾಗಲು ಮುಕ್ಕಾಲು ಗಂಟೆ ಸಾಕು. ಒಂದು ವಂಶವಾಹಿಯ ಕೆಲಸವೇನೆಂದು ತಿಳಿಯಲು ಅದನ್ನು ಕೆಡಿಸುವ ದ್ರವವನ್ನು ಅಷ್ಟರೊಳಗೆ ಗಾಜಿನ ಸೂಜಿಯಿಂದ ಮೊಟ್ಟೆಗೆ ಚುಚ್ಚಿ ಮುಗಿಸಬೇಕು. ಬಿಸಿ ಚಹಾ ಕುಡಿದ ಬೆಳಗು ನನಗೆ ನೆನಪಿಲ್ಲ. ಆದರೆ ಮರುದಿನ ಸೂಕ್ಷ್ಮದರ್ಶಕದಡಿ ನೋಡಿದರೆ ಆ ಪಾರದರ್ಶಕ ಭ್ರೂಣದೊಳಗೆ ಹೃದಯ ಮಿಡಿಯುತ್ತಿರುತ್ತದೆ. ಅದನ್ನು ಮೊದಲ ಸಲ ಕಂಡ ದಿನ ನಾನು ಊಟಕ್ಕೆ ಹೋಗಲಿಲ್ಲ.

ವೇಗವೆಲ್ಲ ಆ ಒಂದು ದಿನಕ್ಕೇ ಮುಗಿಯಿತು. ಮೀನು ಪ್ರಾಯಕ್ಕೆ ಬರಲು ಮೂರು ತಿಂಗಳು ಬೇಕು. ಕೆಡಿಸಿದ ವಂಶವಾಹಿ ತಂದೆ ತಾಯಿ ಇಬ್ಬರಿಂದಲೂ ಬಂದ ಕಾಲು ಭಾಗ ಮರಿಗಳು ಮೂರನೆಯ ತಲೆಮಾರಿನಲ್ಲಿ ಸಿಗುತ್ತವೆ. ಒಮ್ಮೆ ನಾನೇ ಎರಡು ತೊಟ್ಟಿಗಳ ಚೀಟಿ ಅದಲುಬದಲು ಮಾಡಿ ಒಂಬತ್ತು ತಿಂಗಳ ದುಡಿಮೆಯನ್ನು ಚರಂಡಿಗೆ ಚೆಲ್ಲಿದೆ.

ಇನ್ನು ಉಪಯೋಗದ ಮಾತು. ಮನುಷ್ಯನ ವಂಶವಾಹಿಗಳಲ್ಲಿ ಸುಮಾರು ಶೇ 70ಕ್ಕೆ ಈ ಮೀನಿನಲ್ಲಿ ಜೋಡಿ ಇದೆ ಎಂದು 2013ರಲ್ಲಿ ಅದರ ಪೂರ್ಣ ಜೀನೋಮ್, ಅಂದರೆ ಇಡೀ ಡಿಎನ್‌ಎಯ ಬರಹ, ಹೊರಬಂದಾಗ ತಿಳಿಯಿತು. ಪಟ್ಟೆಗಳು ಮಸುಕಾದ 'ಗೋಲ್ಡನ್' ಎಂಬ ತಳಿಯಲ್ಲಿ ಕೆಟ್ಟಿದ್ದ ವಂಶವಾಹಿಯನ್ನು 2005ರಲ್ಲಿ ಗುರುತಿಸಿದರು. ಮನುಷ್ಯನಲ್ಲಿರುವ ಅದರ ಜೋಡಿಯನ್ನು ಆ ಮೀನಿನ ಭ್ರೂಣಕ್ಕೆ ಕೊಟ್ಟಾಗ ಕಪ್ಪು ಬಣ್ಣ ಮರಳಿತು. ಅದೇ ವಂಶವಾಹಿಯ ಡಿಎನ್‌ಎ ಬರಹದಲ್ಲಿನ ಒಂದು ಅಕ್ಷರದ ವ್ಯತ್ಯಾಸ ಯುರೋಪಿನವರ, ನಮ್ಮಲ್ಲೂ ಅನೇಕರ ತಿಳಿಬಣ್ಣಕ್ಕೆ ಒಂದು ಕಾರಣ. ಮದುವೆಯ ಜಾಹೀರಾತಿನಲ್ಲಿ 'ಬಿಳಿ ಬಣ್ಣದ ಕನ್ಯೆ ಬೇಕು' ಎಂದು ಓದಿದಾಗಲೆಲ್ಲ ನನಗೆ ಆ ಮೀನು ನೆನಪಾಗಿ ನಗು ಬರುತ್ತದೆ.

ಹಣದ ಲೆಕ್ಕವನ್ನೂ ಯಜಮಾನರಿಗೆ ಹೇಳಿ. ಸಿಎಸ್‌ಐಆರ್-ಯುಜಿಸಿ ನೆಟ್ ಎಂಬ ರಾಷ್ಟ್ರೀಯ ಪರೀಕ್ಷೆಯಲ್ಲಿ ಜೆಆರ್‌ಎಫ್ (ಸಂಶೋಧನಾ ವೇತನ) ಸಿಕ್ಕರೆ 2023ರಿಂದ ತಿಂಗಳಿಗೆ 37,000 ರೂಪಾಯಿ, ಎರಡು ವರ್ಷದ ನಂತರ 42,000, ಮೇಲೆ ಮನೆಬಾಡಿಗೆ ಭತ್ಯೆ. ಮುಂಬೈ ಕೊಲಾಬಾದ ಟಿಐಎಫ್‌ಆರ್, ಪುಣೆಯ ಅಘಾರ್ಕರ್ ಸಂಸ್ಥೆ, ಹೈದರಾಬಾದಿನ ಸಿಸಿಎಂಬಿ ಎಂಬ ಸಂಶೋಧನಾ ಸಂಸ್ಥೆಗಳು ಈ ಮೀನಿನ ಮೇಲೆ ಕೆಲಸ ಮಾಡುತ್ತವೆ. ಆದರೆ ಪಿಎಚ್‌ಡಿಯ ನಂತರ ಖಾಯಂ ಹುದ್ದೆಗಳು ಕಡಿಮೆ. ನನಗೆ ಸಿಕ್ಕಾಗ ಮೂವತ್ತಾರು ದಾಟಿತ್ತು. ಇದನ್ನು ಮುಚ್ಚಿಡಬೇಡಿ. ಮಗಳನ್ನು ಮೊದಲು ಒಂದು ಬೇಸಿಗೆ ಯಾವುದಾದರೂ ಪ್ರಯೋಗಾಲಯಕ್ಕೆ ಕಳಿಸಿ. ತೊಟ್ಟಿ ಉಜ್ಜಿ ಬಂದ ಮೇಲೂ ಹಟ ಉಳಿದಿದ್ದರೆ ತಡೆಯಬೇಡಿ.

ಪ್ರಶ್ನೆ: ಅಕ್ವೇರಿಯಂ ಅಂಗಡಿಯ ಜೀಬ್ರಾ ಮೀನೂ ಇದೂ ಒಂದೇಯೇ? ಮನೆಯಲ್ಲಿ ಮೊಟ್ಟೆ ನೋಡಬಹುದೇ?
– ಹತ್ತನೆಯ ತರಗತಿಯ ವಿದ್ಯಾರ್ಥಿ, ಪುಣೆ

ಉತ್ತರ: ಒಂದೇ ಜಾತಿ, ಮಗೂ. ಅದು ನಮ್ಮ ದೇಶದ್ದೇ. ಫ್ರಾನ್ಸಿಸ್ ಹ್ಯಾಮಿಲ್ಟನ್ ಎಂಬ ಸ್ಕಾಟ್ಲೆಂಡಿನ ವೈದ್ಯ 1822ರಲ್ಲಿ ಗಂಗಾ ಸೀಮೆಯ ಮೀನುಗಳ ಜೊತೆ ಅದನ್ನು ವರ್ಣಿಸಿದ. ತೊಟ್ಟಿಯ ತಳಕ್ಕೆ ಗೋಲಿಗಳನ್ನು ತುಂಬು, ಮೊಟ್ಟೆ ಸಂದಿಗೆ ಜಾರಿ ಉಳಿಯುತ್ತವೆ. ಬೆಳಿಗ್ಗೆ ಪೈಪಿನಿಂದ ಹೀರಿ, ಭೂತಗನ್ನಡಿ ಹಿಡಿ. ರಾತ್ರಿ ಪೂರ್ತಿ ಕತ್ತಲೆ ಬೇಕು. ಹತ್ತಕ್ಕೆ ಟಿವಿ ಆರಿಸಲು ಮನೆಯವರನ್ನು ಒಪ್ಪಿಸುವುದೇ ಕಷ್ಟದ ಭಾಗ.